ಎರವಲು ಬಿಸಿಲು

ಟ್ರೊಮ್ಸೊ. ಡಿಸೆಂಬರಿನ ಮೊದಲ ವಾರ.
ಸೂರ್ಯ ರಜೆ ಹಾಕಿ ಆರು ದಿನ.
ಓದುವ ಕೋಣೆಯಲ್ಲಿ ಜನಕ್ಕಿಂತ
ಕೋಟುಗಳೇ ಹೆಚ್ಚು.

ಮಾರೆತ್ ಬಂದಳು. ಹಿಮಸಾರಂಗದ ಕಿವಿಗುರುತುಗಳ
ಹಳೆಯ ದಫ್ತರ ಬೇಕಂತೆ.
ಅದು ನೆಲಮಾಳಿಗೆಯದು, ಮನೆಗೆ ಕೊಡುವುದಿಲ್ಲ,
ಕೈ ತೊಳೆದು ಬರಬೇಕು, ಪೆನ್ಸಿಲ್ ಮಾತ್ರ.
ನಾಲ್ಕನೆಯ ಪುಟದಲ್ಲೇ ಅಜ್ಜನ ಗುರುತು:
ಎರಡು ಕಚ್ಚು, ಒಂದು ಸೀಳು.
ತನ್ನ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

ಹೊರಡುವಾಗ, ‘ಆ ದೀಪವನ್ನೂ ಕೊಡುತ್ತೀರಾ?’
ಕೊಡುತ್ತೇವೆ. ಹಗಲಿನ ಬಣ್ಣದ್ದು, ಮೂರು ವಾರಕ್ಕೆ.
ಅದರ ಬೆನ್ನಿನ ಚೀಟಿಯ ಮೇಲೆ
ಗಡುವಿನ ಮುದ್ರೆ ಒತ್ತಿದೆ.

‘ತಡವಾದರೆ?’
ದಂಡವೇನಿಲ್ಲ, ಎಂದೆ.
ಸರದಿಯಲ್ಲಿ ಹನ್ನೊಂದು ಜನ ಇದ್ದಾರೆ, ಅಷ್ಟೆ.
ಹನ್ನೊಂದನೆಯವನು
ನಾನು.