ಮುನ್ನೂರ ಹನ್ನೆರಡು ಹುಳ

ಹರಾಜಿನ ದಿನ, ಕೊಬ್ಬರಿ ಮಂಡಿಯ ಗುಮಾಸ್ತ ಮರುಳಸಿದ್ದಯ್ಯ
ಸಿಪಿಯು ಡಬ್ಬವನ್ನು ಗೋಣಿಯಲ್ಲಿ ಸುತ್ತಿ
ಜ್ವರದ ಕೂಸಿನ ಹಾಗೆ ಎದೆಗವಚಿಕೊಂಡು
ಅರಸೀಕೆರೆಯ ರೈಲ್ವೆ ಗೇಟು ದಾಟಿ
ನನ್ನ ಜೆರಾಕ್ಸ್ ಅಂಗಡಿಗೆ ಬಂದರು.
"ನೋಡವ್ವ ರುಖಿಯಾ, ಮುನ್ನೂರ ಹನ್ನೆರಡು ಹುಳ ಅವಂತೆ ಇದರೊಳಗೆ.
ಸಂಜೆಗೆಲ್ಲ ಲೆಕ್ಕಾನೇ ತಿಂದುಹಾಕ್ತವಂತೆ."

ಕರೆಂಟು ಕೊಟ್ಟೆ. ಪರದೆ ಕೆಂಪಾಗಿ
ಟೊಂಯ್ ಟೊಂಯ್ ಎಂದು ಬಡಕೊಂಡಿತು.
ಬಿರುಕು ಬಿಟ್ಟ ಗುರಾಣಿಯ ಚಿತ್ರ,
ಕೆಳಗೆ ಹಿಂದಕ್ಕೋಡುವ ಗಡಿಯಾರ:
ಒಂಬತ್ತು ನಿಮಿಷ. ಎಂಟು ನಿಮಿಷ ಐವತ್ತೊಂಬತ್ತು.
ಮೂರು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ ಕಟ್ಟಿದರೆ
ಎಲ್ಲವನ್ನೂ ಒಂದೇ ಏಟಿಗೆ ಕೊಲ್ಲುತ್ತದಂತೆ.
ಅವರ ಬೆರಳು ಆಗಲೇ ಜೇಬಿನ ಕಾರ್ಡಿನ ಮೇಲೆ.

ತಡೀರಿ ಎಂದೆ. ಮುಚ್ಚಿ ಮತ್ತೆ ತೆರೆದೆ.
ಎರಡೇ ಸೆಕೆಂಡಿಗೆ ಅದೇ ಮುನ್ನೂರ ಹನ್ನೆರಡು,
ಅದೇ ಸಾಲು, ಅದೇ ಕಾಗುಣಿತದ ತಪ್ಪು.
ಅದರಲ್ಲಿ ಎಂಬತ್ತು ಇ-ಡ್ರೈವಿನಲ್ಲಿ.
ಈ ಡಬ್ಬಕ್ಕೆ ಇ-ಡ್ರೈವೇ ಇಲ್ಲ, ಅಜ್ಜಾರೆ!
ಹರಾಜಿಗೇ ಬಾರದ ಚೀಲದೊಳಗೆ
ಎಂಬತ್ತು ಕೊಳೆತ ಗಿಟುಕು ಎಣಿಸಿದವನನ್ನ
ನೀವು ಮಂಡಿಯೊಳಗೆ ಬಿಟ್ಕೋತೀರಾ?

ದಾದಿ ನೆನಪಾದಳು.
ಹಲ್ಲುನೋವಿಗೆ ಸ್ಟೇಷನ್ನಿನ ಕಟ್ಟೆ ಮೇಲೆ ಬಾಯಿ ತೆರೆದು ಕೂತವಳು.
ರೈಲಿಳಿದು ಬಂದ ಹೆಂಗಸೊಬ್ಬಳು
ಹತ್ತಿ ತುರುಕಿ, ಊದುಗೊಳವೆ ಊದಿ
ಹಿತ್ತಾಳೆ ಬಟ್ಟಲಿಗೆ ಆರು ಬಿಳೀ ಹುಳ ಉದುರಿಸಿದಳು.
ಎರಡು ಸೇರು ಅಕ್ಕಿ ಹೋಯಿತು, ಒಂದು ಬೆಳ್ಳಿಯುಂಗುರ ಹೋಯಿತು.
"ಹುಳ ನನ್ನ ಹಲ್ಲಿಂದ ಬರಲಿಲ್ಲ ಮಗಾ,
ಅವಳ ಹತ್ತೀಲೇ ಇದ್ದವು," ಅನ್ನುತ್ತಿದ್ದಳು ಸಾಯುವ ತನಕ.
"ನೋವು ಮಾತ್ರ ನಂದೇ."

ಸೇಫ್ ಮೋಡಿನಲ್ಲಿ ಎಬ್ಬಿಸಿದೆ,
ಬೇಡದವರು ಇನ್ನೂ ಏಳದ ಹೊತ್ತಿನಲ್ಲಿ.
ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದೆ:
ನುಡಿ, ಎಲ್ಲಕ್ಕಿಂತ ಹಿರಿಯಳು. ಟ್ಯಾಲಿ. ಪ್ರಿಂಟರಿನದೊಂದು.
ತುದಿಯಲ್ಲಿ, ಹೋದ ತಿಂಗಳು ಹದಿನಾಲ್ಕಕ್ಕೆ ಬಂದು ಕೂತದ್ದು,
ಡಾಕ್ಟರ್ ಎಂದು ಶುರುವಾಗುವ ಉದ್ದನೆ ಹೆಸರು.
"ಪುಕ್ಕಟೆ ಪಂಚಾಂಗ ಇಳಿಸ್ಕೊಂಡಿದ್ದೆ," ಎಂದರು ಮೆಲ್ಲಗೆ.

ಕಿತ್ತುಹಾಕಲು ಹೋದರೆ ಗೋಗರೆಯಿತು:
ಖಂಡಿತವೇ? ಯೋಚಿಸಿದ್ದೀರಾ? ನೀವು ಅಪಾಯದಲ್ಲಿದ್ದೀರಿ.
'ಬೇಡ, ಇರಲಿ' ಎಂಬ ಗುಂಡಿ ಬಾಳೆಲೆಯಷ್ಟು ಅಗಲ, ಹಸಿರು;
'ತೆಗೆ' ಎಂಬುದು ಮೂಲೆಯಲ್ಲೊಂದು ಬೂದು ಇರುವೆಸಾಲು.
ಇರುವೆಸಾಲನ್ನೇ ಒತ್ತಿದೆ.
ಟೆಂಪ್ ಫೋಲ್ಡರಿನಲ್ಲಿ ಇಟ್ಟ ಮೊಟ್ಟೆ ಒಡೆದೆ.
ಬ್ರೌಸರಿನ ಕಿಟಕಿಯಿಂದ ಕೂಗಲು ಅದಕ್ಕಿದ್ದ ಪರವಾನಗಿ ಕಿತ್ತುಕೊಂಡೆ.
ಆಮೇಲೆ ನಿಜವಾದ ಆಂಟಿವೈರಸ್ ಒಂದನ್ನು ಒಳಗೆ ಬಿಟ್ಟು ಕಾದೆವು.
ಅದು ನಿಧಾನ. ಎರಡು ಪ್ಯಾಸೆಂಜರ್, ಒಂದು ಗೂಡ್ಸು ಹೋದವು.
ಸಿಕ್ಕಿದ್ದು ಎರಡು.
ಎರಡೂ ಆ ಡಾಕ್ಟರನ ಚೂರುಗಳೇ.

ಮರುಳಸಿದ್ದಯ್ಯ ನಗಲಿಲ್ಲ.
ಟ್ಯಾಲಿ ತೆಗೆದು ಒಂದು ಸಾಲು ತೋರಿಸಿದರು,
ಹೋದ ತಿಂಗಳು ಹದಿನೈದನೇ ತಾರೀಕು:
ಗೋಣಿಚೀಲ ಖರೀದಿ, ಸಾವಿರದ ನಾನೂರ ತೊಂಬತ್ತೊಂಬತ್ತು.
"ಒಂದು ಸಾರಿ ಕಟ್ಟಿಬಿಟ್ಟೀನಿ ಕಣವ್ವ.
ಸಾವ್ಕಾರ್ರಿಗೆ ಹೇಳಿಲ್ಲ."
ಮೂವತ್ತೆರಡು ವರ್ಷದಲ್ಲಿ ಇಲ್ಲದ ಚೀಲ ಬರೆದದ್ದು
ಇದೇ ಮೊದಲಂತೆ.

ಬ್ಯಾಂಕಿನ ನಂಬರು ಒತ್ತಿಕೊಟ್ಟೆ. ಕಾರ್ಡು ನಿಲ್ಲಿಸಿದರು.
ಬಾಗಿಲಾಚೆ ಬಿಸಿಲಲ್ಲಿ ನಿಂತು
ತಮ್ಮದೇ ಹೆಸರಿನ ಅಕ್ಷರ ಬಿಡಿಬಿಡಿಯಾಗಿ ಹೇಳುತ್ತಿದ್ದ ದನಿ
ಒಳಗೆ ಕೇಳುತ್ತಿತ್ತು.

ರಸೀದಿ ಬೇಕೆಂದರು.
ಹುಳ ತೆಗೆದದ್ದಕ್ಕೆ ಅಂತ ಬರೀಲಾ? ಕೇಳಿದೆ.
"ಇಲ್ಲದ್ದು ಬರೀಬೇಡ ತಾಯಿ, ಸಾಕಾಗೈತೆ."
ಪೆನ್ನು ಸ್ವಲ್ಪ ಹೊತ್ತು ನಿಂತಿತು. ಬರೆದೆ:
ಹೆದರಿಕೆ ಒಂದು, ತೆಗೆದದ್ದು. ನೂರೈವತ್ತು.
ಓದಿ ಮಡಿಸಿ ಜೇಬಿಗಿಟ್ಟು
"ಪೂರ್ತಿ ಹೋಗಿಲ್ಲ, ಸಾವ್ಕಾರ್ರ ಪಾಲು ಬಾಕಿ ಐತೆ," ಎಂದವರೇ
ಡಬ್ಬವನ್ನು ಎತ್ತಿಕೊಂಡು ಹೊರಟರು,
ಈ ಸಲ ಹೆಗಲ ಮೇಲೆ,
ಚೀಲದ ಹಾಗೆ.