ಶಿಲ್ಕು

ಬರೆದುಕೊಂಡೆ: ಮೇಣದ ಬತ್ತಿ ನಾಲ್ಕು, ಕುದುರೆ ಮೇವು ಎರಡು ಹೊರೆ,
ಒಡೆಯನ ಎಡಗಾಲ ಜೋಡಿಗೆ ಹೊಸ ಅಟ್ಟೆ.
ಬಲಗಾಲಿನದು ಇನ್ನೂ ತಡೆಯುತ್ತದೆ ಅಂದ ಹೊಲಿಯುವವನು.
ತಡೆಯಲಿ, ಅಂದೆ.

ಬಂದಾಗ ಒಡೆಯನನ್ನೂ ಸೇರಿಸಿ ಹದಿನಾಲ್ಕು ಜನ.
ಅವನ ವಯಸ್ಸೂ ಅಷ್ಟೇ.
ಕಡಲಲ್ಲಿ ಎಲ್ಲರಿಗಿಂತ ಮೊದಲು ವಾಂತಿ ಮಾಡಿ,
ಬಾಯೊರೆಸಿಕೊಂಡು, ಸೆಟೆದು ನಿಂತು,
"ಯಾರೂ ನೋಡಲಿಲ್ಲ ತಾನೆ?" ಅಂದ ಒಬೆರ್.
ಹದಿಮೂರು ಮಂದಿ ಹದಿಮೂರು ದಿಕ್ಕು ನೋಡುತ್ತ ನಿಂತೆವು.

ಅಪ್ಪ ಸೋತ ಯುದ್ಧಕ್ಕೆ ಮಗ ಒತ್ತೆ.
ಎಲ್ಥಮ್ಮಿನ ಅರಮನೆಯಲ್ಲಿ ಒತ್ತೆಯೆಂದರೆ
ಸಂಕೋಲೆಯಲ್ಲ, ಕತ್ತಲಕೋಣೆಯಲ್ಲ.
ಅತಿಥಿ ಅನ್ನುತ್ತಾರೆ, ಎತ್ತರದ ಪೀಠ ಕೊಡುತ್ತಾರೆ,
ಜಿಂಕೆಬೇಟೆಗೆ ಕರೆಯುತ್ತಾರೆ.
ಕಂದಕದ ಸೇತುವೆ ಮಾತ್ರ
ಸಂಜೆಗೆ ಸರಿಯಾಗಿ ಮೇಲೇಳುತ್ತದೆ.
ಬಟ್ಟೆ, ಕುದುರೆ, ಆಳುಕಾಳು,
ನಮ್ಮ ಖರ್ಚು ನಮ್ಮದೇ.

ಮೊದಲು ಹೋದವನು ಗಿಡುಗದ ತಿಬೊ.
ಗಿಡುಗ ಮಾರಿದ ಮೇಲೆ ಅವನಿಗೇನು ಕೆಲಸ?
ಖಾಲಿ ಕೈಗವಸು ತೊಟ್ಟುಕೊಂಡೇ ಹಡಗು ಹತ್ತಿದ.
ಆಮೇಲೆ ಕ್ಷೌರದ ಕೊಲಾರ್, ಒಡೆಯನಿಗೆ ಮೀಸೆ ಮೂಡುವ ಮೊದಲೇ.
ಆಮೇಲೆ ಎರಡು ಕುದುರೆ, ಅವುಗಳ ಹಿಂದೆ ಅವುಗಳ ಆಳುಗಳು.
ಅಡುಗೆಯ ಗೋಶೆ ಹೋಗಲಿಲ್ಲ, ಸತ್ತ.
ಹೆಣದ ಬಟ್ಟೆ ಮೂರು ಗಜ. ಗುಂಡಿ ತೋಡಿದವನಿಗೆ ಎರಡು ಪೆನ್ನಿ.
ಊರಿಂದ ತಂದು ಚಮಚದ ತುದಿಯಲ್ಲಿ ಬಳಸುತ್ತಿದ್ದ ಸಾಸಿವೆಯ ಭರಣಿ
ಅರ್ಧ ತುಂಬಿತ್ತು.
ಅದನ್ನು ಜಮೆಗೆ ಹಾಕಲೇ, ಖರ್ಚಿಗೆ ಹಾಕಲೇ?

ರಾತ್ರಿ ದೀಪ ಆರಿಸುವ ಮುಂಚೆ ಒಡೆಯ ಕೇಳುತ್ತಿದ್ದ:
"ಇವತ್ತಿಗೆ ನಾನು ಎಷ್ಟಾದೆ?"
ಬಿಡುಗಡೆಯ ಹಣಕ್ಕೆ ಅಂದಿನ ಖರ್ಚು ಕೂಡಿಸಿ ಹೇಳುತ್ತಿದ್ದೆ.
"ದುಬಾರಿಯಾಗುತ್ತಿದ್ದೇನೆ," ಎಂದು ಮಗ್ಗುಲಾಗುತ್ತಿದ್ದ.
ಒಂದು ಚಳಿಗಾಲ ಕೇಳುವುದನ್ನೇ ಬಿಟ್ಟ.

ಆ ಚಳಿಗಾಲದಲ್ಲೇ ಮೂರು ಪೆನ್ನಿ ತಾಳೆಯಾಗಲಿಲ್ಲ.
ಚೌಕಳಿ ಬಟ್ಟೆಯ ಮೇಲೆ ರಾತ್ರಿಯೆಲ್ಲ ಬಿಲ್ಲೆ ಸರಿಸಿದೆ.
ಬೆಳಿಗ್ಗೆ ನೋಡಿದರೆ, ಬಟ್ಟೆ ಒಗೆಯುವ ಹಾವಿಸಳ ಮಗ
ಕಲ್ಲುಹಾಸಿನ ಮೇಲೆ ಹೊಸ ಬುಗುರಿ ಆಡಿಸುತ್ತಿದ್ದಾನೆ.
ಪಕ್ಕದಲ್ಲಿ ಮಂಡಿಯೂರಿ ನನ್ನ ಒಡೆಯ,
ಮೂರು ಕೋಟೆಗೆ, ಏಳು ಹಳ್ಳಿಗೆ, ಒಂದು ನದಿಯ ಸುಂಕಕ್ಕೆ ಹಕ್ಕುದಾರ,
ಬುಗುರಿಗೆ ಇಲ್ಲಿ ಏನನ್ನುತ್ತಾರೆಂದು ಕಲಿಯುತ್ತಿದ್ದಾನೆ.
ಮೇಲೆ ದರಬಾರಿನವರು ಆಡುವುದು ನಮ್ಮ ಮಾತೇ, ತುಸು ಹಳಸಲು.
ಇದು ಬೇರೆ. ಒಗೆಯುವ ಕಲ್ಲಿನ ಮಾತು,
ಬಾಯಿತುಂಬ ಜಲ್ಲಿ ಹಾಕಿಕೊಂಡು ಆಡುವಂಥದು.
ತಪ್ಪು ಆಡಿದ. ಹುಡುಗ ನಕ್ಕ.
ಮತ್ತೆ ಆಡಿದ.
ನಾನು ಒಳಬಂದು ಬರೆದೆ: ಸಾಬೂನು, ಮೂರು ಪೆನ್ನಿ.
ಇಷ್ಟು ವರ್ಷದಲ್ಲಿ ನಾ ಬರೆದ ಸುಳ್ಳು ಅದೊಂದೇ;
ಇನ್ನೊಂದಿದೆ, ಅದು ನನ್ನ ದ್ರಾಕ್ಷಾರಸದ್ದು.

ಕೊನೆಗೆ ಬೆಳ್ಳಿ ಬಂತು, ಐದನೆಯ ವರ್ಷ, ಇಪ್ಪತ್ತೆರಡು ಪೆಟ್ಟಿಗೆಯಲ್ಲಿ.
ತೂಗುವುದಕ್ಕೆ ಎರಡು ದಿನ ಹಿಡಿಯಿತು.
ಜೊತೆಗೆ ಅಮ್ಮ ಹೊಲಿಸಿ ಕಳಿಸಿದ ನಿಲುವಂಗಿ,
ನೀಲಿ, ಅಂಚಿಗೆ ಅಳಿಲಿನ ತುಪ್ಪಳ,
ಹದಿನಾಲ್ಕರ ಹುಡುಗನ ಅಳತೆಗೆ.
ಕಳಚುತ್ತಾನೆ ಅಂದುಕೊಂಡೆ.
ತೊಟ್ಟೇ ನಡೆದ ಉದ್ದ ಪಡಸಾಲೆಯ ಉದ್ದಕ್ಕೂ,
ತೋಳು ಮೊಣಕೈಗೆ ನಿಂತು, ಮುಂಗೈ ಮೂಳೆ ಕೆಂಪಗೆ,
ಬೆನ್ನ ಹೊಲಿಗೆ ಹೆಜ್ಜೆಹೆಜ್ಜೆಗೆ ಬಿಡುತ್ತ.
ಯಾರೂ ನಗಲಿಲ್ಲ. ಹದಿಮೂರರಲ್ಲಿ
ಹಿಂದೆ ಉಳಿದಿದ್ದವರು ನಾನು ಮತ್ತು ಪೆರಿನೆ.

ಸೇತುವೆಯ ಮೇಲೆ ಕುದುರೆ ನಿಲ್ಲಿಸಿ, ನೀರಿಗೆ ಬಾಗಿ,
ಒಂದು ಮಾತು ಅಂದ, ಇಲ್ಲಿಯವರದು.
ಕಲಿಯದ ಕಿವಿಗೆ ಬಿದ್ದ ಹಾಗೆ
ಪುಟದ ಅಂಚಿಗೆ ಬರೆದಿಟ್ಟಿದ್ದೇನೆ,
ಎದುರಿಗೆ ಮೊತ್ತವಿಲ್ಲ.

ಡೋವರಿನ ದಾರಿಯಲ್ಲಿ, ಎರಡನೆಯ ದಿನ,
ಬಲಗಾಲಿನ ಅಟ್ಟೆ ಕಿತ್ತುಬಂತು.