ಆಕ್ಷೇಪಣೆ ಇದ್ದಲ್ಲಿ

ಮೂರು ಭಾನುವಾರ ಓದಿದರು ಫಾದರ್ ಎರ್ವಿನ್,
ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲಿ:
ತೊಬಿಯಾಶ್, ಇದೇ ಧರ್ಮಕೇಂದ್ರದವನು,
ಸಬಿನಾ, ಇದೇ ಧರ್ಮಕೇಂದ್ರದವಳು,
ಇವರ ಮದುವೆಗೆ ಅಡ್ಡಿಯೇನಾದರೂ ತಿಳಿದವರು
ಗುರುಗಳ ಕಚೇರಿಗೆ ಬಂದು ಹೇಳತಕ್ಕದ್ದು.

ಹೇಳುವವರಿರಲಿಲ್ಲ. ನೋಡುವವರಿದ್ದರು.
ಇಡೀ ಚರ್ಚು ಕತ್ತು ತಿರುಗಿಸದೆಯೇ
ಎಡಗಡೆಯ ನಾಲ್ಕನೇ ಬೆಂಚನ್ನು ನೋಡಿತು.
ಅದು ಹೇಗೆಂದು ಕೇಳಬೇಡಿ,
ಸಿಲೇಸಿಯಾದ ಗಣಿಯೂರಲ್ಲಿ ಹುಟ್ಟಿದವರಿಗೆ ಬರುತ್ತದೆ.
ಅಲ್ಲಿ ಒತಿಲಿಯಾ, ಹುಡುಗನ ಅಜ್ಜಿ,
ಕೆಮ್ಮಿದಳು. ಅಷ್ಟೆ.
ಗಂಟೆಯ ಹಗ್ಗ ಹಿಡಿದಿದ್ದ ನನ್ನ ಕೈ ಬೆವತಿತ್ತು.

ಮೂವತ್ತೊಂದು ವರ್ಷದ ಕೆಳಗೆ
ಹುಡುಗಿಯ ತಾತ ಝೆಫಿರಿನ್ ಗಣಿಯ ಮೇಸ್ತ್ರಿ.
ಒಂದು ಗುರುವಾರ ಪಾಳಿ ಬದಲಿಸಿ ಬರೆದ,
ಒಂದು ಹೆಸರು ಹೊಡೆದು ಇನ್ನೊಂದು.
ಆ ಇನ್ನೊಂದು ಇವಳ ಗಂಡ ಎವಾಲ್ಡ್.
ಮೇಲೆ ಬಂದದ್ದು ಅವನ ದೀಪ ಮಾತ್ರ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ.
ಇವಳದು ಕಲ್ಲಿದ್ದಲು.
ಒಂದೇ ಸಾಲಲ್ಲಿ ನಿಂತು ಪ್ರಸಾದ ತೆಗೆದುಕೊಂಡರು,
ಒಂದೇ ಓಣಿ, ಒಂದೇ ಕೆಂಪು ಬಣ್ಣದ ಕಿಟಕಿಕಟ್ಟೆ.
ಪರಸ್ಪರ ಶಾಂತಿ ಕೋರಿ ಎಂದು
ಫಾದರ್ ಹೇಳುವ ಹೊತ್ತಿಗೆ ಸರಿಯಾಗಿ
ಇವಳ ಹಾಡಿನ ಪುಸ್ತಕ ಕೆಳಗೆ ಬೀಳುತ್ತಿತ್ತು.
ಬಗ್ಗಿ ಎತ್ತಿ ಏಳುವಷ್ಟರಲ್ಲಿ
ಅವನ ಚಾಚಿದ ಕೈ ಜೇಬು ಸೇರಿರುತ್ತಿತ್ತು.
ಆ ಪುಸ್ತಕದ ಬೆನ್ನು ಎರಡು ಸಲ ಹೊಲಿದುಕೊಟ್ಟವನು ನಾನೇ.

ಮೂರನೇ ಭಾನುವಾರ, ಪೂಜೆ ಮುಗಿದ ಮೇಲೆ,
ಅವಳು ಕಚೇರಿಯ ಬಾಗಿಲು ತಟ್ಟಿದಳು.
ನಾನು ಮೇಣದ ಹನಿ ಕೆರೆಯುತ್ತಿದ್ದೆ;
ಹೌದು, ಬೇಕೆಂದೇ ಅಲ್ಲಿ ಕೆರೆಯುತ್ತಿದ್ದೆ.
ಫಾದರ್ ನೋಂದಣಿ ಪುಸ್ತಕ ಮುಚ್ಚಿ, ಮತ್ತೆ ತೆರೆದು,
ಕೂತುಕೊಳ್ಳಮ್ಮ ಎಂದರು.
ಅವಳು ಕೂರಲಿಲ್ಲ.
ಶುಕ್ರವಾರ ಪಿಂಗಾಣಿ ಒಡೆಯುವುದು
ಆರಕ್ಕೋ, ಏಳಕ್ಕೋ ಎಂದು ಕೇಳಿದಳು.

ನಮ್ಮಲ್ಲಿ ಹಾಗೆ. ಮದುವೆಯ ಹಿಂದಿನ ಸಂಜೆ
ಹೆಣ್ಣಿನ ಹೊಸ್ತಿಲ ಮುಂದೆ ಊರೆಲ್ಲ ಸೇರಿ
ಬಿರುಕುಬಿಟ್ಟ ಬಟ್ಟಲು, ಕಿವಿ ಹೋದ ಲೋಟ
ನೆಲಕ್ಕಪ್ಪಳಿಸಬೇಕು, ಜೋಡಿ ಗುಡಿಸಬೇಕು.
ಝೆಫಿರಿನ್ ಮನೆಯಂಗಳ.
ಅವನ ಪಾರಿವಾಳಗಳು ಮೊದಲ ಸದ್ದಿಗೇ ಹಾರಿದ್ದವು.
ಏಳು ಗಂಟೆಗೆ ಅವಳು ಬಂದಳು,
ತೊಟ್ಟಿಲಗೂಸನ್ನು ಎತ್ತಿಕೊಂಡಂತೆ ಒಂದು ಗಂಟು.
ಬಿಚ್ಚಿದರೆ ಒಂದೂ ಬಿರುಕಿರಲಿಲ್ಲ.
ನೀಲಿ ಅಂಚಿನ ಹನ್ನೆರಡು ತಟ್ಟೆ,
ಕ್ರಿಸ್ಮಸ್ ಹಿಂದಿನ ರಾತ್ರಿ ಮಾತ್ರ ಕಪಾಟಿನಿಂದ ಇಳಿಯುತ್ತಿದ್ದವು,
ಅವಳದೇ ಮದುವೆಯವು.

ಅಯ್ಯೋ ಬೇಡ ಎಂದವಳು ಸಬಿನಾ.
ಅಜ್ಜಿ ಒಂದೊಂದನ್ನೇ, ಅವಸರವಿಲ್ಲದೆ,
ರೊಟ್ಟಿ ಬಡಿಯುವ ಕೈಯ ಬೀಸಿನಲ್ಲಿ ಎಸೆದಳು.
ಎಣಿಸಿದೆ. ಹನ್ನೊಂದು.
ಹನ್ನೆರಡನೆಯದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು.
ಕರೆಯದೆ ಬರುವ ಅತಿಥಿಗೆಂದು
ಆ ರಾತ್ರಿ ಮೇಜಿನ ಮೇಲೆ ಖಾಲಿ ಇಡುವ ತಟ್ಟೆ ಅದು.

ಊರಿಗೆ ಊರೇ ಮಾತಿಲ್ಲದೆ ನಿಂತಿತ್ತು.
ತೊಬಿಯಾಶ್ ಪೊರಕೆಗೆ ಕೈ ಹಾಕುವ ಮೊದಲೇ
ಮುದುಕ ಅದನ್ನು ಕಿತ್ತುಕೊಂಡ.
ಒಂದು ಮೊಣಕಾಲು ಮಡಚುವುದಿಲ್ಲ ಅವನಿಗೆ.
ಗುಡಿಸಿದ. ನಿಂತು ಉಸಿರೆಳೆದ. ಗುಡಿಸಿದ.
ಯಾರೂ ನೆರವಿಗೆ ಹೋಗಲಿಲ್ಲ, ಹೋಗಬಾರದೆಂದು
ಯಾರು ಹೇಳಿದ್ದರೋ.

ಒತಿಲಿಯಾ ಕೊನೆಯವರೆಗೂ ನೋಡಿದಳು.
ಆಮೇಲೆ ಬೆರಳು ತೋರಿಸಿ,
ಆ ಮೂಲೆಯಲ್ಲಿ ಇನ್ನೂ ಇದೆ, ಎಂದಳು.

ಅವನು ಆ ಮೂಲೆಗೆ ಹೋದ.

ಮರುದಿನ ಗಂಟೆ ಬಾರಿಸುವಾಗ
ನನ್ನ ಬೂಟಿನೊಳಗೆ ಏನೋ ಚುಚ್ಚಿತು.
ತೆಗೆದು ನೋಡಿದರೆ ಅಕ್ಕಿಕಾಳಿನಷ್ಟು ನೀಲಿ.